ಪಾವು ಒರೆಸಿದ ಮುಖ

ಇವತ್ತು ಮುಂಜಾನೆ ತಮ್ಮನ ಹೆಂಡತಿ ಹಂಚಿನ ಮೇಲೆ ಪಾವು ಇಟ್ಟು ಫೋನಿನಲ್ಲಿ ಮಾತಿಗೆ ನಿಂತಳು. ಪಾವು ಕರಕಲಾಯಿತು. ಬೇರೆಯವರಿಗೆ ಅದು ಬರೀ ಸುಟ್ಟ ಬ್ರೆಡ್ಡಿನ ವಾಸನೆ. ನನಗೆ ಅದು ಇದ್ದಿಲು ಮತ್ತು ಪಾವು ಕೂಡಿದ ವಾಸನೆ, ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ಹಳೆಯ ವಖಾರಿಯೊಂದರ ಮಾಳಿಗೆಯ ವಾಸನೆ, ಒಬ್ಬ ಮನುಷ್ಯನ ಕೈಯ ವಾಸನೆ. ಎದ್ದು ಹೋಗಿ ಕಿಟಕಿ ತೆರೆದೆ...

"ಅಷ್ಟೇನ್ ಹೊಗಿ ಆಗಿಲ್ಲ ಬಿಡ್ರಿ ಅಕ್ಕಾರ" ಎಂದಳು ಅವಳು. ನಾನು ತೆರೆದದ್ದು ಹೊಗೆಗಾಗಿ ಅಲ್ಲ.

ಆ ಮನುಷ್ಯನನ್ನು ಊರೆಲ್ಲ ಡ್ರಾಯಿಂಗ್ ಮಾಸ್ತರ ಎನ್ನುತ್ತಿತ್ತು. ನಾನೂ ಹಾಗೆಯೇ ಅನ್ನುತ್ತೇನೆ. ಇಲ್ಲಿ ಅವರಿಗೆ ಬಹುವಚನ ಹಚ್ಚುವುದು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್. ಅದನ್ನು ಗೌರವ ಎಂದು ಯಾರೂ ತಿಳಿಯಬಾರದು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದೂ ಸಿಸ್ಟರ್‌ಗಳು ಕಲಿಸಿದ್ದರು. ಅದೊಂದು ಲೆಸನ್ ನನಗೆ ಹತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ನಾನು ನಿಪ್ಪಾಣಿಯ ಶಾಲೆಯ ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆಗಿ, ಅಲ್ಲೇ ತಮ್ಮನ ಮನೆಯಲ್ಲಿ ಅವ್ವನ ಕೋಣೆಯಲ್ಲೇ ಮಂಚ ಹಾಕಿಕೊಂಡಿದ್ದೆ. ಅವ್ವನಿಗೆ ಎಂಬತ್ತು ದಾಟಿತ್ತು. ತೆಲಸಂಗದ ಒಣಬೇಸಾಯದ ಹೊಲದಲ್ಲಿ ಬೆಳೆದ ಗಟ್ಟಿ ಮೈ ಆಗ ಕರಗತೊಡಗಿತ್ತು. ಅವಳ ಫೋಟೋ ಇರಲಿಲ್ಲವೆಂದಲ್ಲ. ವೋಟರ್ ಕಾರ್ಡಿನಲ್ಲಿ ಒಂದಿತ್ತು, ಪೊಲೀಸರು ಹಿಡಿದು ತಂದವರ ಹಾಗೆ. ಮದುವೆಯ ಆಲ್ಬಮ್ಮುಗಳಲ್ಲೂ ಇದ್ದಳು, ಕ್ಯಾಮೆರಾ ಕಂಡ ಕೂಡಲೇ ಸೆರಗು ಎಳೆದುಕೊಂಡು, ಬಾಯಿ ಬಿಗಿದುಕೊಂಡು. ಆದರೆ ಅವ್ವ ಇದ್ದದ್ದೇ ಆ ಬಾಯಿಯಲ್ಲಿ. ಯಾರನ್ನಾದರೂ ಚೇಷ್ಟೆ ಮಾಡುವ ಮೊದಲು ಬಾಯಿಯ ಒಂದು ಬದಿಯ ಅಂಚು ಚೂರೇ ಚೂರು ಮೇಲೆ ಹೋಗುತ್ತಿತ್ತು. ಮಾತು ಆಮೇಲೆ. ಯಾವ ಕ್ಯಾಮೆರಾವೂ ಅದನ್ನು ಹಿಡಿದಿರಲಿಲ್ಲ. ಅದರ ಚಿತ್ರವನ್ನು ನನ್ನ ಕೈಯಾರೆ ತೆಗೆಯಬೇಕು, ಅವಳು ಇರುವಾಗಲೇ ತೆಗೆಯಬೇಕು ಎಂಬ ಹಟ ನನಗೆ ಹತ್ತಿತು. ಅದಕ್ಕಾಗಿ ಮಾಸ್ತರರು ಚಿತ್ರ ಕಲಿಸುವ ಆ ಮಾಳಿಗೆ ಹತ್ತಿದೆ.

ಬರಿಗೈಲಿ ಹೋಗಿರಲಿಲ್ಲ. ಕಾನ್ವೆಂಟಿನಲ್ಲಿ ಕ್ರಿಸ್ಮಸ್ ಕಾರ್ಡ್ ನೋಡಿ ನಾನು ಮಾಡಿದ ವಾಟರ್ ಕಲರ್ ಒಂದನ್ನು ಜೋಪಾನವಾಗಿ ಒಯ್ದಿದ್ದೆ. ಹಿಮದ ಟೊಂಗೆಯ ಮೇಲೆ ಕೆಂಪು ಎದೆಯ ಹಕ್ಕಿ. ಅದಕ್ಕೆ ನನಗೆ ಪ್ರೈಜ್ ಬಂದಿತ್ತು. ಮಾಸ್ತರರು ಕನ್ನಡಕ ಹಣೆಗೇರಿಸಿ ನೋಡಿದರು.

"ಈ ಹಕ್ಕಿ ಎಲ್ಲಿ ನೋಡಿದ್ರಿ ಬಾಯಾರ?" ಟೀಚರಮ್ಮನಿಗೆ ನಮ್ಮ ಕಡೆ ಬಾಯಾರು ಎನ್ನುವುದು ರೂಢಿ.

"ಕಾರ್ಡಿನಲ್ಲಿ."

"ಹಂಗಾದ್ರ ಕಾರ್ಡ್ ತೆಗೀಬೇಕಿತ್ತು. ಹಕ್ಕಿ ಯಾಕ ತೆಗದ್ರಿ?"

ಅಲ್ಲಿದ್ದ ಹೈಸ್ಕೂಲ್ ಹುಡುಗಿಯರು ಕಿಸಕ್ಕೆಂದರು. ನಾನು ಅರವತ್ತರ ಹೆಂಗಸು, ಊರಿನ ಅರ್ಧ ಜನಕ್ಕೆ ಇಂಗ್ಲಿಷ್ ಕಲಿಸಿದವಳು. ಆವತ್ತೇ ಇಳಿದು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಒಂದು ಮುದುಕನ ಚಿತ್ರವಿತ್ತು. ನಿಂತುಕೊಂಡಿದ್ದಾನೆ, ಅಷ್ಟೇ. ಬಲಗಾಲಿಗೆ ನೋವಿದೆ ಎಂಬುದು ಗೊತ್ತಾಗುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ.

ಮಾಸ್ತರರ ಕಲಿಕೆಯ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೋ. ರಾಯಬಾಗ ಕಡೆಯ ಹಳ್ಳಿಯ ಗೌಂಡಿಯ ಮಗ. ಮೀಸೆ ಮೂಡುವ ಮುಂಚೆ ಕೊಲ್ಹಾಪುರಕ್ಕೆ ಓಡಿಹೋಗಿ ಒಬ್ಬ ವಯಸ್ಸಾದ ಚಿತ್ರಗಾರರ ಕಾಲು ಹಿಡಿದವರು. ಆ ಗುರುಗಳು ಸಂಸ್ಥಾನದ ಕಾಲದಲ್ಲಿ ಅರಮನೆಯವರ ಆಯಿಲ್ ಪೋರ್ಟ್ರೇಟ್ ಮಾಡಿದವರಂತೆ, ಯುರೋಪಿನ ಚಿತ್ರಗಳ ಕಪ್ಪು-ಬಿಳಿ ಪುಸ್ತಕವೊಂದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರಂತೆ. ವಿಲಾಯತಿಯ ಸ್ಕೂಲುಗಳಲ್ಲಿ ಮೈಮೇಲೆ ಬಟ್ಟೆಯಿಲ್ಲದ ಮಾಡೆಲ್ ಕೂಡಿಸಿ ಕಲಿಸುತ್ತಾರೆ. ಇಲ್ಲಿ ಹಾಗೆ ಯಾರು ಕೂಡುತ್ತಾರೆ? ಗುರುಗಳು ಶಿಷ್ಯರನ್ನು ತಾಲೀಮಿಗೆ ಅಟ್ಟುತ್ತಿದ್ದರು. ಬೆಳಗಿನ ಜಾವ ಕುಸ್ತಿಯ ಕೆಂಪು ಮಣ್ಣಿನಲ್ಲಿ ಪೈಲವಾನರು ಒಬ್ಬರನ್ನೊಬ್ಬರು ಎತ್ತಿ ಒಗೆಯುವಾಗ ಮೂಲೆಯಲ್ಲಿ ಕೂತು ಗೆರೆ ಎಳೆಯಬೇಕು. ಯಾವ ಪೈಲವಾನನೂ ಸುಮ್ಮನೆ ನಿಲ್ಲುವುದಿಲ್ಲ. ಮುಖ ನೋಡುತ್ತ ಕೂತರೆ ಅಷ್ಟರಲ್ಲಿ ಅವನು ನೆಲದ ಮೇಲಿರುತ್ತಾನೆ. ಮೊದಲು ಹಿಡಿಯಬೇಕಾದ್ದು ಒಂದೇ: ಭಾರ ಎಲ್ಲಿದೆ.

ಅದೇ ಅವರ ಮಂತ್ರವಾಯಿತು. "ಭಾರ ಎಲ್ಲೈತ್ರಿ?" ನಿಂತವರಿಗೆ ಕೇಳುತ್ತಿದ್ದರು, ಕೂತವರಿಗೆ ಕೇಳುತ್ತಿದ್ದರು. ಚಹಾ ತಂದ ಹೆಂಗಸಿಗೂ "ಹಂಗ ನಿಲ್ಲವಾ, ಭಾರ ಯಾವ ಕಾಲ ಮ್ಯಾಲ ಐತಿ?" ಎಂದು ಕೇಳಿದ್ದಕ್ಕೆ ಅವಳು ಬೈದು ಹೋಗಿದ್ದಳು. ಅಪ್ಪನಿಂದ ಬಂದ ಓಳಂಬ ಒಂದಿತ್ತು. ಗೌಂಡಿಗಳು ಗೋಡೆ ನೆಟ್ಟಗಿದೆಯೋ ನೋಡಲು ಇಳಿಬಿಡುವ ದಾರದ ಗುಂಡು. ಅದನ್ನು ನಮ್ಮ ಕಣ್ಣೆದುರು ತೂಗುಬಿಟ್ಟು, ಕತ್ತಿನ ಗುಂಡಿ ಯಾವ ಹಿಮ್ಮಡಿಯ ಮೇಲೆ ಬೀಳುತ್ತದೆ ಹೇಳಿ ಎನ್ನುತ್ತಿದ್ದರು. ತಪ್ಪು ಹೇಳಿದರೆ ಆ ಗುಂಡು ನಮ್ಮ ಡ್ರಾಯಿಂಗ್ ಬೋರ್ಡಿಗೆ ಟಪ್ಪೆಂದು ಬಡಿಯುತ್ತಿತ್ತು. ನನಗೂ ಬಡಿದರು. ಅರವತ್ತರ ಹೆಂಗಸಿಗೆ!

ಮುಂಬೈಯ ದೊಡ್ಡ ಆರ್ಟ್ ಸ್ಕೂಲಿಗೂ ಹೋಗಿ ಬಂದಿದ್ದರಂತೆ. ಯಾಕೆ ತಿರುಗಿ ಬಂದರು ಎಂದು ಒಮ್ಮೆ ಕೇಳಿದೆ. "ಅಲ್ಲಿ ಕಲ್ಸಾವರಿಗೇ ಕಾಲ ತೆಗ್ಯಾಕ ಬರ್ತಿದ್ದಿಲ್ರಿ" ಎಂದರು. ಪರೀಕ್ಷೆಯ ದಿನ ಎಗ್ಸಾಮಿನರ್‌ನ ಚಿತ್ರವನ್ನೇ ತಿದ್ದಲು ಹೋಗಿ ಹೊರಬಿದ್ದರು ಎಂದು ನಿಪ್ಪಾಣಿಯ ಜನ ಹೇಳುತ್ತಿದ್ದರು. ನನಗೆ ಜನರ ಮಾತೇ ಖರೆ ಅನ್ನಿಸುತ್ತದೆ.

ಬಂದವರು ತಂಬಾಕಿನ ವಖಾರಿಯ ಮಾಳಿಗೆ ಹಿಡಿದು ಕೂತರು. ಕೆಳಗೆ ತಂಬಾಕು ಹಸನು ಮಾಡುವ ಹೆಂಗಸರು ದಿನವಿಡೀ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದರು. ಮಾಸ್ತರರು ಎಷ್ಟೋ ವರ್ಷ ಜಾಲಂದ್ರದಿಂದ ಅವರನ್ನೇ ಬರೆದರು. ಪರಗಂಡಸು ನೋಡುತ್ತಾನೆಂದು ಆ ಹೆಂಗಸರು ಈ ಕಡೆ ಬೆನ್ನು ಹಾಕಿ ಕೂಡುತ್ತಿದ್ದರು. ಹೀಗಾಗಿ ಮಾಸ್ತರರ ಪೆಟ್ಟಿಗೆಯ ತುಂಬ ಬೆನ್ನುಗಳು, ಹಿಮ್ಮಡಿಗಳು, ಮೊಣಕೈಗಳು. ಅದರಿಂದಲೇ ಹುಟ್ಟಿತು ಅವರ ದೊಡ್ಡ ಕಾನೂನು. ಮೊದಲು ಪಾದ, ಆಮೇಲೆ ಬೆನ್ನು, ಆಮೇಲೆ ಕೈ, ಕತ್ತು. ಮುಖ ಎಲ್ಲಕ್ಕೂ ಕೊನೆಗೆ.

"ಮಾರಿ ಕಡೀಕ. ಮಾರಿ ಸುಳ್ಳ ಹೇಳತೈತಿ. ಬೆನ್ನಿಗಿ ಸುಳ್ಳ ಹೇಳಾಕ ಬರೂದಿಲ್ಲ."

ಹುಡುಗಿಯರು ಅದನ್ನು ವೇದವಾಕ್ಯದ ಹಾಗೆ ಬರೆದುಕೊಳ್ಳುತ್ತಿದ್ದರು. ನನಗೆ ಗೊತ್ತಿತ್ತು. ಈ ಮನುಷ್ಯನಿಗೆ ಮುಖ ಕೊಡುವವರೇ ಸಿಕ್ಕಿರಲಿಲ್ಲ. ಸಿಗದೇ ಇದ್ದುದನ್ನು ಫಿಲಾಸಫಿ ಮಾಡಿಕೊಂಡಿದ್ದರು.

ಇನ್ನೊಂದು ಕಾನೂನು ಇತ್ತು. ನಮ್ಮ ಚಿತ್ರದಲ್ಲಿ ತಪ್ಪು ಕಂಡರೆ ಆ ಜಾಗವನ್ನು ಒರೆಸಿ ತಾವು ಒಮ್ಮೆ ಸರಿಯಾಗಿ ಬರೆದು ತೋರಿಸುತ್ತಿದ್ದರು. ನಾವು ನೋಡುತ್ತಿದ್ದಂತೆಯೇ ಅದನ್ನೂ ಒರೆಸಿಬಿಡುತ್ತಿದ್ದರು. ಒರೆಸಲು ರಬ್ಬರ್ ಇಲ್ಲ, ಪಾವಿನ ಒಳಗಿನ ಮೆತ್ತನೆಯ ಭಾಗ. ಅದನ್ನು ಬೆರಳಲ್ಲಿ ಉಂಡೆ ಮಾಡಿ ಒತ್ತಿದರೆ ಇದ್ದಿಲು ಎದ್ದು ಬರುತ್ತದೆ, ಕಾಗದಕ್ಕೆ ಗಾಯವಾಗುವುದಿಲ್ಲ. "ಹಾಳ್ಯಾಗ ನನ್ನ ಗೆರಿ ಉಳೀಬಾರ್ದು. ನನ್ನ ಗುರುಗಳೂ ಅಳಿಸ್ಯಾರ, ನಾನೂ ಅಳಸ್ತೀನಿ. ಕಣ್ಣಾಗ ಉಳದ್ರ ಉಳೀತು, ಇಲ್ಲಾಂದ್ರ ಹೋತು." ಒಂದು ಹಿಮ್ಮಡಿ ಹೋದರೆ ಹೋಗಲಿ, ನನಗೇನು ಎಂದುಕೊಂಡಿದ್ದೆ ಆಗ...

ನಮ್ಮ ಕಡೆ ಸತ್ತವರ ಫೋಟೋ ಕೊಟ್ಟು ದೊಡ್ಡ ಆಯಿಲ್ ಪೇಂಟಿಂಗ್ ಮಾಡಿಸಿ, ಗಂಧದ ಹಾರ ಹಾಕಿ ಪಡಸಾಲೆಯಲ್ಲಿ ತೂಗುಹಾಕುವುದು ರೂಢಿ. ಚಿತ್ರಗಾರರ ಹೊಟ್ಟೆ ತುಂಬುವುದೇ ಅದರಿಂದ. ಮಾಸ್ತರರು ಅದನ್ನು ಮುಟ್ಟುತ್ತಿರಲಿಲ್ಲ. ಐನಾಪುರದ ದ್ರಾಕ್ಷಿ ತೋಟದವರೊಬ್ಬರು ತಮ್ಮ ತಂದೆಯ ಪಾಸ್‌ಪೋರ್ಟ್ ಸೈಜ್ ಫೋಟೋ ಹಿಡಿದು ಮಾಳಿಗೆ ಹತ್ತಿ ಬಂದದ್ದು ನೆನಪಿದೆ.

"ಎದ್ಯಾಗಿಂದ ಮ್ಯಾಲ ಸಾಕ್ರಿ ಮಾಸ್ತರ, ತಲಿಗಿ ಪಟಗಾ ಸುತ್ತಿದ್ಹಂಗ ಮಾಡ್ರಿ" ಎಂದರು ಅವರು.

"ಅಪ್ಪಾರು ಎಲ್ಲದಾರ?"

"ತೀರಿಕೊಂಡಾರಲ್ರಿ!"

"ಹಂಗಾದ್ರ ಭಾರ ಎಲ್ಲೈತಿ? ನಾ ಏನ್ ನೋಡಿ ತೆಗೀಲಿ?"

ಆ ಮನುಷ್ಯ ಕಣ್ಣು ತುಂಬಿಕೊಂಡು ಮೆಟ್ಟಿಲಿಳಿದರು. ನನಗೆ ಆಗಲೇ ಮೈ ಉರಿದಿತ್ತು.

ಕ್ಲಾಸಿಗೆ ಹೆಂಗಸರು ಯಾರೂ ಮಾಡೆಲ್ ಆಗಿ ಬರುತ್ತಿರಲಿಲ್ಲ. ಹಾಗಾಗಿ ನಾನು ಮನೆಯಲ್ಲಿ ಅವ್ವನನ್ನೇ ಕೂಡಿಸಿಕೊಂಡು ಬರೆದು, ಹಾಳೆ ಒಯ್ದು ತೋರಿಸುತ್ತಿದ್ದೆ. ಅವ್ವ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಮೊದಮೊದಲು ನಾಚಿಕೆ.

"ಎಲ್ಲಾರೂ ದೇವರ ಪಾದಾ ನೋಡ್ತಾರ, ನೀ ನನ್ನ ಬಿರಕ ಬಿಟ್ಟ ಕಾಲ ನೋಡಾಕತ್ತೀಯಲ್ಲ ಬೇ!"

ಆಮೇಲೆ ಚಟವಾಯಿತು. ತಮ್ಮನ ಹೆಂಡತಿ ಅಡುಗೆಮನೆಯಿಂದ ಏನಾದರೂ ಕೇಳಿದರೆ "ಸುಮ್ನಿರವಾ, ನಾ ಡ್ಯೂಟಿ ಮ್ಯಾಲ ಅದೀನಿ" ಎನ್ನುತ್ತಿದ್ದಳು. ಪಾದ ಪಾಸಾಗಲು ಒಂದು ಬೇಸಿಗೆ ಹೋಯಿತು. ಬೆನ್ನಿಗೆ ಅದಕ್ಕಿಂತ ಹೆಚ್ಚು. ಪ್ರತಿ ಭಾನುವಾರ ನಾನು ಕೇಳುವುದು, ಸರ್, ಮುಖ ಶುರು ಮಾಡಲೇ? ಅವರು ಹಾಳೆಯನ್ನು ತಿರುಗಿಸಿ, ದೂರ ಹಿಡಿದು, "ಇನ್ನೂ ಕುಂತಿಲ್ರಿ ಅವ್ವಾರು. ಮಂಚದ ಮ್ಯಾಲ ತೇಲಾಕತ್ತಾರ" ಎನ್ನುವುದು.

"ಕಾಲ ತೆಗದಿ, ಬೆನ್ನ ತೆಗದಿ, ಮಾರಿ ಯಾವಾಗ ತೆಗೀತಿ? ನಾ ಹ್ವಾದ ಮ್ಯಾಲ?" ಎಂದಿದ್ದಳು ಅವ್ವ ಒಂದು ದಿನ. ಬಾಯಿಯ ಅಂಚು ಮೇಲೆ ಹೋಗಿತ್ತು. ನನ್ನ ಕೈಯಲ್ಲಿ ಇದ್ದಿಲಿನ ಕಡ್ಡಿ ಇತ್ತು, ಎದುರಿಗೆ ಹಾಳೆ ಇತ್ತು. ನಾನು ಮೊಣಕೈ ಬರೆಯುತ್ತಿದ್ದೆ.

ಆ ಚಳಿಗಾಲ ಅವ್ವನಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ನಾನು ಅವಳನ್ನು ಬಿಟ್ಟು ಕ್ಲಾಸಿಗೆ ಹೋಗುವುದು ಆಗಲಿಲ್ಲ. ಮಾಸ್ತರರೇ ಮನೆಗೆ ಬಂದರು. ಎರಡು ಗುಂಡಿ ಹೋದ ಕೋಟು, ಕಪ್ಪು ಉಗುರು, ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಪಾವು. ಈಸೆಲ್ ಮೇಲಿನ ಹಾಳೆ ನೋಡಿ ನಿಂತರು. ಅವ್ವ ಮಂಚದ ಮೇಲೆ ಕೂತ ಇಡೀ ಆಕೃತಿ, ಕತ್ತಿನವರೆಗೆ. ಕತ್ತಿನ ಮೇಲೆ ನಾನು ಅಪ್ಪಣೆ ಇಲ್ಲದೆ ಮುಖ ಶುರು ಮಾಡಿದ್ದೆ. ಕಾಯುವಷ್ಟು ದಿನ ಉಳಿದಿಲ್ಲ ಎಂದು ನನಗೆ ಅನ್ನಿಸಿತ್ತು. ಯಾರಿಗೆ ಅನ್ನಿಸುವುದಿಲ್ಲ?

ಮಾಸ್ತರರು ಜೇಬಿಗೆ ಕೈ ಹಾಕಿದರು. ಪಾವು ಮುರಿದು ಉಂಡೆ ಮಾಡಿ ನಾನು ಬರೆದ ಮುಖವನ್ನು ಒರೆಸಿದರು. ಆಮೇಲೆ ಅವ್ವನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು.

"ಏನ್ರಿ ಮಾಸ್ತರ, ಹೆಣ್ಣ ನೋಡಾಕ ಬಂದ್ಹಂಗ ನೋಡಾಕತ್ತೀರಿ" ಎಂದಳು ಅವ್ವ.

ಅಷ್ಟೇ. ಆ ಮಾತಿನ ಹಿಂದಿನ ಕ್ಷಣ ಬಾಯಿಯ ಅಂಚು ಎದ್ದಿತ್ತಲ್ಲ, ಅದನ್ನು ಅವರು ಹಿಡಿದಿದ್ದರು. ಕಡ್ಡಿಯನ್ನು ಅಡ್ಡ ಹಿಡಿದು ಮೊದಲು ಕಣ್ಣಿನ ಕುಳಿಗಳ ನೆರಳು ಹಾಕಿದರು, ಮೂಗಿನ ಕೆಳಗಿನದು, ಗದ್ದದ ಕೆಳಗಿನದು. ಗೆರೆಗಳು ಆಮೇಲೆ ಬಂದವು, ಕೆಲವೇ ಕೆಲವು. ಭಾರವಾದ ರೆಪ್ಪೆ. ಹಲ್ಲಿಲ್ಲದ ಕಡೆ ಒಳಗೆ ಹೋದ ಕೆನ್ನೆ. ಕಡೆಗೆ ಬಾಯಿ. ಚಹಾ ತಂದ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಳು. ಕಾಗದದ ಮೇಲಿನ ಅವ್ವ ಇನ್ನೇನು ಒಂದು ಮಾತು ಆಡುವವಳಿದ್ದಳು, ಅದು ನಮ್ಮಲ್ಲೇ ಯಾರಿಗೋ ನಾಟುವ ಮಾತು ಆಗಿರುತ್ತಿತ್ತು.

"ನನಗೂ ತೋರಸ್ರಿ" ಎಂದಳು ಅವ್ವ. ಅವರು ಬೋರ್ಡು ಎತ್ತಿ ಅವಳ ಕಡೆ ಹಿಡಿದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಯವ್ವಾ... ನಮ್ಮವ್ವ ಕುಂತಾಳಲ್ಲ ಇಲ್ಲಿ!" ಎಂದಳು.

ಮಾಸ್ತರರು ಬೋರ್ಡನ್ನು ಈಸೆಲ್ ಮೇಲಿಟ್ಟರು, ಪಾವಿನ ಇನ್ನೊಂದು ಉಂಡೆ ಮಾಡಿದರು, ಒರೆಸಿದರು. ಮೊದಲು ಬಾಯಿ ಹೋಯಿತು.

"ಸರ್! ಏನ್ ಮಾಡಾಕತ್ತೀರಿ!" ನಾನು ಕಿರುಚಿದೆ. ನನ್ನ ಬಾಯಿಂದ ಇಂಗ್ಲಿಷ್ ಬರಲಿಲ್ಲ.

"ನೋಡಿದ್ರಲ್ಲ? ಈಗ ನೀವ್ ತೆಗೀರಿ" ಎಂದರು. ಕಪ್ಪಾದ ಉಂಡೆಯನ್ನು ಕಿಟಕಿಯಿಂದ ಹೊರಗೆ ಎಸೆದರು. ಕಂಪೌಂಡಿನ ಗೋಡೆಯ ಮೇಲಿದ್ದ ಕಾಗೆ ಇಳಿದು ಅದನ್ನು ಎತ್ತಿಕೊಂಡು ಹೋಯಿತು.

ನಮ್ಮ ಮನೆಯ ಮೆಟ್ಟಿಲು ಮತ್ತೆ ಹತ್ತಬೇಡಿ ಎಂದು ಅವರಿಗೆ ಹೇಳಿದೆ. ಇನ್ನೂ ಏನೇನೋ ಹೇಳಿದೆ. ಅವರು ಚಹಾ ಕುಡಿದೇ ಹೋದರು. ಅವ್ವ ಅವರ ಪರ. "ಮಾಸ್ತರ ಖರೇ ಮಾಡ್ಯಾರ. ಅವರ ಕೈಯಾಗಿಂದು ನಿನಗ ಯಾಕ ಬೇಕ? ತೆಗೀ ನೀನ" ಎಂದು ಮಾರನೆಯ ದಿನದಿಂದ ಉಸಿರು ಎಳೆಯುತ್ತ ಎಳೆಯುತ್ತ ಕೂತಳು. ನಾನು ಬರೆದೆ, ಒರೆಸಿದೆ, ಬರೆದೆ. ಕಣ್ಣು ಬಂತು, ಕೆನ್ನೆಯೂ ಬಂತು. ಬಾಯಿ ಬರಲಿಲ್ಲ. ಅವಳ ಮುಖ ಬಾತುಕೊಳ್ಳತೊಡಗಿತು. ಸಂಕ್ರಾಂತಿಯ ಮುಂಚೆಯೇ ಅವ್ವ ಹೋದಳು...

ಮೂರನೆಯ ದಿನ ಎಡೆ ಇಟ್ಟು ಕಾಗೆಗಾಗಿ ಕಾದೆವು. ಕಾಗೆಗಳು ಬೇವಿನ ಗಿಡದಲ್ಲಿ ಕೂತು ನೋಡಿದವು, ಕೆಳಗೆ ಬರಲಿಲ್ಲ. ತಮ್ಮ ಕೈ ಮುಗಿದು, ಏನು ಆಸೆ ಉಳಿಯಿತೋ ಹೇಳವ್ವಾ ಎಂದು ಅತ್ತ. ನನಗೆ ಅಳು ಬರಲಿಲ್ಲ. ಅವ್ವನ ಮುಖ ಅಂಟಿದ ಆ ಉಂಡೆಯನ್ನು ಅವು ಆಗಲೇ ತಿಂದಿವೆ ಎಂದುಕೊಂಡೆ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಮಾನ ಬಿಟ್ಟು ಆ ಮಾಳಿಗೆ ಹತ್ತಿದೆ. ಕೆಳಗೆ ಹೆಂಗಸರು ತಂಬಾಕು ಕೇರುತ್ತಿದ್ದರು, ಘಾಟು ಮೇಲಿನವರೆಗೂ ಏರಿತ್ತು. ಮಾಸ್ತರರು ಒಬ್ಬರೇ ಇದ್ದರು. ಸರ್, ನಿಮಗೆ ನೆನಪಿದೆ, ನಿಮ್ಮ ಕೈಗೆ ನೆನಪಿದೆ, ಒಂದೇ ಒಂದು ಸಲ ಆ ಮುಖ ಬರೆದು ಕೊಡಿ ಎಂದು ಕೇಳಿದೆ. ಹಾಳೆಯನ್ನೂ ಒಯ್ದಿದ್ದೆ. ಬೆನ್ನು, ಭುಜ, ಕೈ, ಪಾದ, ಎಲ್ಲ ಇತ್ತು. ಅವರೇ ಪಾಸು ಮಾಡಿದ್ದವು.

ಅವರು ಹಾಳೆ ನೋಡಿದರು. "ಈಗ ಕುಂತಾರ ನೋಡ್ರಿ ಅವ್ವಾರು" ಎಂದರು.

"ಮುಖ, ಸರ್."

"ಆಗೂದಿಲ್ರಿ ಬಾಯಾರ. ಅವ್ವಾರು ಎದುರಿಗಿಲ್ಲ. ಈಗ ನಾ ತೆಗದ್ರ ಅದು ನನ್ನ ನೆನಪ ಆಗತೈತಿ, ಅವ್ವಾರ ಮಾರಿ ಆಗೂದಿಲ್ಲ."

"ಸುಳ್ಳೇ ಆಗಲಿ. ನನಗೆ ಬೇಕು."

"ಸುಳ್ಳ ತೆಗೀಯೋರು ಭಾಳ ಮಂದಿ ಅದಾರ. ಫೋಟೋ ಒಯ್ದು ಕೊಡ್ರಿ, ಮಾಡಿ ಕೊಡ್ತಾರ."

ನನ್ನ ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಎರಡೂ ಕೈಯಿಂದ, ತುಂಬ ನಾಜೂಕಾಗಿ. ಆ ನಾಜೂಕಿಗೇ ನನಗೆ ಹೊಡೆಯಬೇಕು ಅನ್ನಿಸಿತು. ಐನಾಪುರದವರು ಇಳಿದ ಮೆಟ್ಟಿಲುಗಳನ್ನೇ ನಾನೂ ಇಳಿದೆ. ಮತ್ತೆ ಅವರನ್ನು ಮಾತಾಡಿಸಲಿಲ್ಲ. ಮುಂದೆ ಬಸ್‌ಸ್ಟ್ಯಾಂಡಿನಲ್ಲಿ ಒಂದೆರಡು ಸಲ ಎದುರಾದರು, ಕೋಲು ಹಿಡಿದುಕೊಂಡಿದ್ದರು. ಭಾರ ಯಾವ ಕಾಲ ಮೇಲಿದೆ ಎಂದು ನನ್ನ ಕಣ್ಣು ತಾನಾಗಿ ನೋಡಿತು. ಎಡಗಾಲು. ನಾನು ಮುಖ ತಿರುಗಿಸಿದೆ. ಅವರು ಹೋದ ಸುದ್ದಿ ಬಂದಾಗ ಊರಿನ ಹಳೆಯ ಶಿಷ್ಯೆಯರು ಬೋರ್ಡು ಬರೆಸಿ ಶ್ರದ್ಧಾಂಜಲಿ ಮಾಡಿದರು, ನನ್ನನ್ನು ಎರಡು ಮಾತು ಆಡಿ ಎಂದು ಕರೆದರು. ಹೋಗಲಿಲ್ಲ.

ಇವತ್ತು ಕಿಟಕಿ ತೆರೆದ ಮೇಲೂ ಸುಟ್ಟ ಪಾವಿನ ವಾಸನೆ ಮನೆಯಿಂದ ಇನ್ನೂ ಹೋಗಿರಲಿಲ್ಲ. ಕಪಾಟಿನ ಮೇಲಿನ ಹಾಳೆ ಇಳಿಸಿ ಮಂಚದ ಮೇಲೆ ಹರವಿದೆ. ಅವ್ವ ಕೂತಿದ್ದಾಳೆ. ಕತ್ತಿನ ಮೇಲೆ ಬೂದು ಬಣ್ಣದ ಒಂದು ಕಲೆ. ಅವರು ಒರೆಸಿದ್ದು, ಅದರ ಮೇಲೆ ಇಷ್ಟು ವರ್ಷ ನಾನು ಬರೆದು ಬರೆದು ಒರೆಸಿದ್ದು. ಕಾಗದಕ್ಕೆ ಗಾಯವಾಗುವುದಿಲ್ಲ ಎಂದಿದ್ದರಲ್ಲ, ಅಲ್ಲಿ ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ.

ತಮ್ಮನ ಹೆಂಡತಿ ಕರಕಲು ಪಾವು ಕೈಯಲ್ಲೇ ಹಿಡಿದು ಬಂದು ನನ್ನ ಪಕ್ಕ ನಿಂತಳು. ಅವಳ ಕೂದಲೂ ಬೆಳ್ಳಗಾಗಿದೆ ಈಗ.

"ಬಾಯಿ ಎಡಕ್ಕ ಎದ್ದಿತ್ತಲ್ರಿ, ಮಾಸ್ತರ ತೆಗದಿದ್ದು" ಎಂದಳು.

"ಬಲಕ್ಕ."

"ಇಲ್ರಿ ಅಕ್ಕಾರ. ನಾ ಬಾಗಲದಾಗ ನಿಂತಿದ್ದೆ, ಛಲೋತ್ನ್ಯಾಂಗ ನೋಡೀನಿ. ಅತ್ತಿ ಬಾಯಿ ಎಡಕ್ಕ."

"ಅವಳ ಎಡಕ್ಕೋ, ನಮ್ಮ ಎಡಕ್ಕೋ?"

ಅವಳು ತನ್ನ ಬಾಯಿಯನ್ನೇ ಆ ಕಡೆ ಈ ಕಡೆ ಎಳೆದು ನೋಡಿಕೊಂಡಳು. ನಾನೂ ಎಳೆದು ನೋಡಿದೆ. ಇಬ್ಬರು ಮುದುಕಿಯರು ಮಂಚದ ಪಕ್ಕ ನಿಂತು ಬಾಯಿ ಸೊಟ್ಟ ಮಾಡುತ್ತಿದ್ದೆವು. ಆ ಮುಖ ಕಂಡವರು ಒಟ್ಟು ನಾಲ್ಕು ಜನ. ಅವರಲ್ಲಿ ಉಳಿದವರು ನಾವಿಬ್ಬರು, ನಮಗೆ ಎಡವೋ ಬಲವೋ ಗೊತ್ತಿಲ್ಲ...

"ಮಾಸ್ತರ ಇದ್ದಿದ್ರ ಹೇಳ್ತಿದ್ರು" ಎಂದಳು.

"ಹೇಳ್ತಿದ್ದಿಲ್ಲ" ಎಂದೆ. ಆದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದ ಒಂದೇ ಕೈ ಅದು. ಈಗ ಅದೂ ಮಣ್ಣಿನಲ್ಲಿದೆ, ಮತ್ತು ಬೈಯಲು ನನಗೆ ಬೇರೆ ಯಾರೂ ಉಳಿದಿಲ್ಲ.

ಹಾಳೆ ಸುತ್ತಿ ಮೇಲಿಟ್ಟೆ. ತೆರೆದ ಕಿಟಕಿಯ ಆಚೆ ಗೋಡೆಯ ಮೇಲೆ ಕಾಗೆಯೊಂದು ಬಂದು ಕೂತು, ಕತ್ತು ವಾಲಿಸಿ ಒಳಗೆ ನೋಡುತ್ತಿತ್ತು. ತಮ್ಮನ ಹೆಂಡತಿ ಪಾವು ಎಸೆಯಲು ಕೈ ಎತ್ತಿದಳು. ನಾನು ಅವಳ ಕೈಯಿಂದ ಅದನ್ನು ಕಸಿದುಕೊಂಡು ಕಿಟಕಿ ಹಾಕಿದೆ.